ಮೊದಲ ತುತ್ತು ನಮ್ಮದು

ಮನೆಗೆ ಬಂದವರಿಗೆ ಬಡಿಸಿ, ಅವರು ಉಂಡೆದ್ದ ಮೇಲೆ ಮನೆಯವರು ಕೂರುವುದು ಲೋಕರೂಢಿ. ನಮ್ಮ ಮನೆಯದು ಉಲ್ಟಾ. ಬಂದವರ ಕಣ್ಣೆದುರಿಗೇ ನಾವು ಮೊದಲು ಒಂದು ತುತ್ತು ತಿನ್ನಬೇಕು, ಆಮೇಲೆ ಅವರಿಗೆ. ಪಾಯಸವಾದರೆ ಒಂದು ಚಮಚ, ನೀರಾದರೆ ಅದೇ ತಂಬಿಗೆಯಿಂದ ಅಂಗೈಗೆ ಸುರಿದುಕೊಂಡು ಒಂದು ಗುಟುಕು. ಅರಸೀಕೆರೆಯ ಈ ಮನೆಯಲ್ಲಿ ನಾನು ಈಗಲೂ ಹಾಗೇ ಮಾಡುತ್ತೇನೆ. ಮೊನ್ನೆ ಮೊಮ್ಮಗಳ ಗೆಳತಿಯೊಬ್ಬಳು ಬಂದಿದ್ದಾಗ ಬಾಣಲೆಯಿಂದ ಒಂದು ಚೂರು ಚಿತ್ರಾನ್ನ ಬಾಯಿಗೆ ಹಾಕಿಕೊಂಡು, ಆಮೇಲೆ ಅವಳ ತಟ್ಟೆಗೆ ಬಡಿಸಿದೆ. "ಅಜ್ಜಿ ಟೇಸ್ಟ್ ನೋಡೇ ಕೊಡ್ತಾರೆ, ಸೂಪರ್" ಎಂದಳು. ಉಪ್ಪು ನೋಡಿದೆನೆಂದು ತಿಳಿದಳು, ಪಾಪ. ನಾನು ತಿದ್ದಲು ಹೋಗಲಿಲ್ಲ. ತಿದ್ದಬೇಕೆಂದರೆ ನಮ್ಮಜ್ಜಿಯಿಂದ ಶುರುಮಾಡಬೇಕು, ಅಷ್ಟು ಹೊತ್ತಿಗೆ ಚಿತ್ರಾನ್ನ ಆರಿಹೋಗುತ್ತದೆ.

ಮಾದಿಹಳ್ಳಿಗೂ ಹಳೇಬೀಡಿಗೂ ನಡುವೆ, ಕೈ ಅಡ್ಡ ಹಿಡಿದರೆ ಮಾತ್ರ ಬಸ್ಸಿನವರು ನಿಲ್ಲಿಸುತ್ತಿದ್ದ ಊರು ನಮ್ಮದು. ಮನೆ ದೊಡ್ಡದೇನಲ್ಲ, ಆದರೆ ಅಟ್ಟ ದೊಡ್ಡದು. ಪಡಸಾಲೆ, ನಡುಮನೆ, ಅಡುಗೆಮನೆ ಎಲ್ಲದರ ನೆತ್ತಿಯ ಮೇಲೂ ಒಂದೇ ಅಟ್ಟ ಹಾಸಿಕೊಂಡಿತ್ತು. ಅದರ ತುಂಬ ತೆಂಗಿನಕಾಯಿ. ಕೊಬ್ಬರಿಯಾಗಲು ಅವು ವರ್ಷವಿಡೀ ಅಲ್ಲಿ ಮಲಗಿರುತ್ತಿದ್ದವು. ಒಳಗಿನ ನೀರು ಬತ್ತಿ, ಅಲ್ಲಾಡಿಸಿದರೆ ಗಿಟುಕು ಲೊಟಲೊಟ ಅಂದಾಗ ಇಳಿಸುವುದು. ಇಲಿ ಓಡಿದರೆ ಕಾಯಿ ಉರುಳಿ ಗುಡುಗಿನ ಸದ್ದು. ಆ ಸದ್ದಿಗೆ ನೆಂಟರು ಬೆಚ್ಚಿಬೀಳುತ್ತಿದ್ದರು, ನಾವು ಮಗ್ಗುಲು ಬದಲಿಸುತ್ತಿದ್ದೆವು. ಅಡುಗೆಮನೆಯ ಗೋಡೆಗೆ ಹಲಗೆ, ಹಲಗೆಯ ಮೇಲೆ ಹಿತ್ತಾಳೆ ಪಾತ್ರೆಗಳ ಸಾಲು. ನಮ್ಮ ಕಡೆ ಮನೆತನದ ಅಂತಸ್ತನ್ನು ಅಳೆಯುತ್ತಿದ್ದುದು ಆ ಸಾಲಿನಿಂದಲೇ. ಹಬ್ಬ ಬಂತೆಂದರೆ ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಅವ್ವನ ಕೈ ಬಿರಿಯುತ್ತಿತ್ತು. ಆ ಸಾಲಿಗೆ ಸೇರದ ಒಂದೇ ಪಾತ್ರೆ ಮೂಲೆಯಲ್ಲಿ ಕೂತಿರುತ್ತಿತ್ತು, ಕಪ್ಪಗೆ, ದುಂಡಗೆ. ಅದು ಅವ್ವನ ತವರಿನ ಕಲ್ಲುಮರಿಗೆ. ಅವ್ವ ಅರೇಹಳ್ಳಿ ಕಡೆಯವಳು. ಆ ಕಡೆ ಮೊಸರು, ಮಜ್ಜಿಗೆ, ಹುಳಿ, ಉಪ್ಪಿನಕಾಯಿ ಎಲ್ಲ ಕಲ್ಲಿನಲ್ಲೋ ಮಣ್ಣಿನಲ್ಲೋ ಇರುತ್ತಿದ್ದವು. "ಹಳೇಬೀಡಿನ ದೇವಸ್ಥಾನದ ಕಲ್ಲಿಗೂ ಇದಕ್ಕೂ ನೆಂಟಸ್ತಿಕೆ ಕಣೇ, ಎರಡೂ ಬಳಪದ ಕಲ್ಲು" ಎಂದು ಅವ್ವ ಹೇಳಿದ್ದಳು. ಅದನ್ನು ನಂಬಿ ನಾನು ದೇವಸ್ಥಾನಕ್ಕೆ ಹೋದಾಗ ಗೋಡೆಯ ಆನೆಗಳನ್ನು ಮುಟ್ಟಿ, ಇವರೆಲ್ಲ ನಮ್ಮ ಮಜ್ಜಿಗೆ ಪಾತ್ರೆಯ ಕಡೆಯವರು ಎಂದು ಖುಷಿಪಡುತ್ತಿದ್ದೆ.

ಅಜ್ಜಿಯೆಂದರೆ ಅಪ್ಪನ ತಾಯಿ, ಗಂಗಮ್ಮ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ, ಎರಡೂ ಶುಭ್ರ. ತಾನು ಬೈದವರಿಗೇ ಬೆಲ್ಲ ಕೊಟ್ಟು ಕಳಿಸುವ ಹೆಂಗಸು. ಅವಳ ಕೈಯನ್ನು ನಾನು ಎಷ್ಟು ಸಲ ನೋಡಿದ್ದೇನೋ. ಉಗುರನ್ನು ಮಾಂಸಕ್ಕೆ ತಾಗುವಷ್ಟು ಕತ್ತರಿಸಿಕೊಳ್ಳುತ್ತಿದ್ದಳು. ಶಾರದತ್ತೆ, ಅಂದರೆ ಅಪ್ಪನ ತಂಗಿ, ಗೋರಂಟಿ ಅರೆದು ಕೂತರೆ ಅಜ್ಜಿ ತನ್ನ ಬೆರಳು ಕೊಡುತ್ತಿರಲಿಲ್ಲ. ಲೋಟವನ್ನು ತಳದಿಂದ ಹಿಡಿದು ಕೊಡುತ್ತಿದ್ದಳು, ಹೆಬ್ಬೆರಳು ಅಂಚಿನ ಹತ್ತಿರ ಸುಳಿಯದ ಹಾಗೆ. ಕೊಡುವ ಮೊದಲು ಒಂದು ಗುಟುಕು ತಾನು. ಇದೆಲ್ಲ ಮನೆತನಸ್ಥರ ಮರ್ಯಾದೆ ಎಂದು ನಾನು ತಿಳಿದಿದ್ದೆ. ಹಾಗೆ ತಿಳಿದೇ ಒಂದು ದಿನ ಸ್ಕೂಲಿನ ಗೆಳತಿಯ ಮನೆಯಲ್ಲಿ ಅವಳ ತಾಯಿ ನನ್ನ ಮುಂದೆ ರೊಟ್ಟಿ ಇಟ್ಟಾಗ, ಬುದ್ಧಿವಂತೆಯ ಹಾಗೆ "ನೀವು ಮೊದಲು ತಿನ್ನಿ" ಎಂದೆ. ಆಕೆಯ ಕೈ ನಿಂತೇ ಹೋಯಿತು.

"ಅಯ್ಯೋ ಶಿವನೇ! ಮದ್ದಿನ ಮನೆ ಮಗು ನಂಗೇ ಹೇಳ್ತೈತಲ್ಲ, ಮೊದ್ಲು ನೀನು ತಿನ್ನು ಅಂತ!"

ಆಕೆ ನಕ್ಕಳು, ನನಗೂ ನಗು ಬಂತು. ದಾರಿಯಲ್ಲಿ ಗೆಳತಿ ಅರ್ಥ ಹೇಳಿದ ಮೇಲೆ ನಗು ನಿಂತಿತು.

ಮದ್ದು ಹಾಕುವುದು ಎಂದರೆ ನಮ್ಮ ಕಡೆಯ ಹಳಬರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ಮನೆಗಳ ಹೆಂಗಸರ ಹತ್ತಿರ ಮದ್ದಿರುತ್ತದೆ, ಅತ್ತೆಯಿಂದ ಸೊಸೆಗೆ ಬರುತ್ತದೆ. ಅದನ್ನು ಅಟ್ಟದ ಮೇಲೆ ಕುಡಿಕೆಯಲ್ಲಿಟ್ಟು ಪೂಜೆ ಮಾಡುತ್ತಾರೆ. ಅಮಾವಾಸ್ಯೆ ಬಂದರೆ ಯಾರಿಗಾದರೂ ಹಾಕಲೇಬೇಕು, ಯಾರೂ ಸಿಗದಿದ್ದರೆ ಮನೆಯ ಬೆಕ್ಕಿಗಾದರೂ. ಉಗುರಿನ ಸಂದಿನಲ್ಲಿಟ್ಟುಕೊಂಡು ಲೋಟಕ್ಕೆ ಹೆಬ್ಬೆರಳು ಅದ್ದಿದರೆ ಮುಗಿಯಿತು. ಅದು ಹೊಟ್ಟೆಯಲ್ಲಿ ಕೂತು, ಕೂದಲು ಬೆಳೆಸಿಕೊಂಡು, ತಿಂದವರನ್ನು ಒಣಗಿಸುತ್ತದೆ. ಮದ್ದು ಯಾವುದರದ್ದು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಪಟ್ಟಿ. ಪಾದರಸ ಎಂದರು ಕೆಲವರು, ಪಾಷಾಣ ಎಂದರು ಕೆಲವರು, ಸುಟ್ಟ ಸೀಸದ ಪುಡಿಗೆ ಹಲ್ಲಿಯ ಬಾಲ ಸೇರಿಸುವುದು ಎಂದರು ಇನ್ನು ಕೆಲವರು. ಊರಿನವರು ಕಣ್ಣಿಂದ ಕಾಣದ ಲೋಹಗಳೆಲ್ಲ ನಮ್ಮಜ್ಜಿಯ ಉಗುರಿನಡಿ ಇದ್ದವು. ಆ ಉಗುರೇ ಇರಲಿಲ್ಲ ಎನ್ನುವುದನ್ನು ಯಾರೂ ಗಮನಿಸಿರಲಿಲ್ಲ.

ಈ ಹೆಸರು ಬಂದದ್ದು ನಾನು ಹುಟ್ಟುವ ಮೊದಲು. ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದವರಿಗೆ ಮಧ್ಯಾಹ್ನ ನಮ್ಮ ಮನೆಯಿಂದ ಮಜ್ಜಿಗೆ ಹೋಯಿತು. ಕುಡಿದ ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಹೊಟ್ಟೆ ತೊಳಸಿತು. ರಂಗಪ್ಪ ಎಂಬಾತ ಬಾಯಾರಿ ತಪ್ಪಲೆಯ ತಳದವರೆಗೆ ಕುಡಿದಿದ್ದ, ಅವನು ವಾಂತಿ ಮಾಡಿ ಮಾಡಿ ಮಲಗಿಬಿಟ್ಟ. ಅವನ ಹೆಂಡತಿ ಸಾಕಮ್ಮ ಅವನನ್ನು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಬೇಲೂರಿನಾಚೆ ಮದ್ದು ತೆಗೆಯುವವನೊಬ್ಬನ ಹತ್ತಿರ ಹೋದಳು. ಅವನು ನೀಲಿ ಕಲ್ಲು ತೇಯ್ದು ನೀರು ಕುಡಿಸಿದ. ಕಾಫಿ ತೋಟದವರು ಸುಣ್ಣದ ಜೊತೆ ಕಲಸಿ ಗಿಡಕ್ಕೆ ಹೊಡೆಯುವ ಮೈಲುತುತ್ತ ಅದು. ಅದು ಹೊಟ್ಟೆಗೆ ಹೋದ ಮೇಲೆ ಕಲ್ಲು ಬಸವಣ್ಣನೂ ಕಕ್ಕಬೇಕು. ರಂಗಪ್ಪ ಕರುಳು ಕಿತ್ತುಬರುವಂತೆ ಕಕ್ಕಿದ. ಆ ಮಾಂತ್ರಿಕ ಅದರೊಳಗಿಂದ ಕರಿಯ ಉಂಡೆಯೊಂದನ್ನು ಕಡ್ಡಿಯಲ್ಲಿ ಎತ್ತಿ ತೋರಿಸಿ, ಇದೇ ಮದ್ದು, ಮಜ್ಜಿಗೆಯಲ್ಲಿ ಬಂದದ್ದು, ಹೆಂಗಸಿನ ಕೈಯದು ಎಂದ. ಸಾಕಮ್ಮ ಅಲ್ಲಿಂದ ನೆಟ್ಟಗೆ ನಮ್ಮ ಮನೆ ಬಾಗಿಲಿಗೆ ಬಂದು ಮಣ್ಣು ತೂರಿದಳು. ಊರೆಲ್ಲ ಸೇರಿತು. ಆಗ ಅಜ್ಜಿ ಹೊಸ್ತಿಲ ಮೇಲೆ ಬಂದು ನಿಂತು, "ಮಜ್ಜಿಗೆ ಕಡೆದೋಳೂ ನಾನೇ, ಕೊಟ್ಟೋಳೂ ನಾನೇ. ಏನು ಕೇಳೋದಿದ್ರೂ ನನ್ನ ಕೇಳ್ರಿ" ಎಂದಳಂತೆ. ಅಷ್ಟು ಸಾಕಾಯಿತು. ಅವಳೇ ಒಪ್ಪಿಕೊಂಡಳಲ್ಲ ಎಂದರು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಎನ್ನುತ್ತಾರಂತೆ, ನಮ್ಮಜ್ಜಿ ನಮ್ಮದೇ ಅಂಗಳದಲ್ಲಿ ಮಜ್ಜಿಗೆ ಕೊಟ್ಟು ವಿಷದವಳಾದಳು.

ಗೆಳತಿಯಿಂದ ಇದನ್ನು ಕೇಳಿದ ಮೇಲೆ ನನಗೆ ಒಂದೇ ಯೋಚನೆ. ಮದ್ದಿನ ಕುಡಿಕೆ ನಮ್ಮ ಅಟ್ಟದ ಮೇಲಿದೆಯೋ ಇಲ್ಲವೋ ನೋಡಬೇಕು. ಅಜ್ಜಿ ಹಿತ್ತಿಲಿಗೆ ಹೋದ ಹೊತ್ತು ನೋಡಿ ಏಣಿ ಹತ್ತಿದೆ. ಕಾಯಿಗಳ ಮೇಲೆ ಅಂಬೆಗಾಲಿಟ್ಟು ಮೂಲೆಗೆ ಹೋದರೆ, ಗೋಣಿಚೀಲದಲ್ಲಿ ಸುತ್ತಿಟ್ಟ ಏನೋ ಇತ್ತು. ಬಿಚ್ಚಿದೆ. ಕುಡಿಕೆಯಲ್ಲ, ದೊಡ್ಡ ಹಿತ್ತಾಳೆ ತಪ್ಪಲೆ. ಒಳಗೆಲ್ಲ ಹಸಿರು ಹಸಿರು ಪುಡಿ, ಪಾಚಿ ಒಣಗಿದ ಹಾಗೆ. ನಮ್ಮಜ್ಜಿ ನಿಜವಾಗಿಯೂ ಅಂಥವಳೇ ಎಂದುಕೊಂಡೆ. ಆದರೂ ವಿಚಿತ್ರ ನೋಡಿ, ನನಗೆ ಅವಳ ಮೇಲೆ ಹೆದರಿಕೆ ಬರಲಿಲ್ಲ. ಅವಳನ್ನು ಪೊಲೀಸರು ಹಿಡಿದುಕೊಂಡು ಹೋದರೆ ನನಗೆ ತಲೆ ಬಾಚುವವರು ಯಾರು ಎಂದು ಅಳು ಬಂತು. ಅಳು ಕೇಳಿ ಅಜ್ಜಿ ಏಣಿಯ ಬುಡಕ್ಕೆ ಬಂದಳು. ನಾನು ತಪ್ಪಲೆ ತೋರಿಸಿದೆ.

"ಮದ್ದು ಇದೇನಾ ಅಜ್ಜಿ?"

ಅಜ್ಜಿ ಬೈಯಲಿಲ್ಲ. ಬೈಯದಿದ್ದುದೇ ಆಶ್ಚರ್ಯ.

"ಮದ್ದೂ ಇಲ್ಲ, ಮಣ್ಣೂ ಇಲ್ಲ. ಅದನ್ನ ಹಂಗೇ ಸುತ್ತಿಟ್ಟು ಇಳಿ. ಕೈ ತೊಳ್ಕೊ. ನಿಮ್ಮವ್ವಂಗೆ ಮಾತ್ರ ತೋರಿಸ್ಬೇಡ ಕಣೇ, ನೊಂದ್ಕತಾಳೆ."

ಅವ್ವ ಯಾಕೆ ನೊಂದುಕೊಳ್ಳಬೇಕು ಎಂದು ನನಗೆ ತಿಳಿಯಲಿಲ್ಲ. ಆದರೆ ಅಜ್ಜಿ ಹೇಳಿದಳೆಂದು ಸುಮ್ಮನಾದೆ.

ಊರವರು ನಮ್ಮನ್ನು ದೂರ ಇಟ್ಟರು ಎಂದರೆ ಸುಳ್ಳಾಗುತ್ತದೆ. ಕೆಲಸಕ್ಕೆ ಬರುತ್ತಿದ್ದರು, ಕಷ್ಟಸುಖ ಮಾತಾಡುತ್ತಿದ್ದರು, ಮಗುವಿಗೆ ಜ್ವರವೆಂದರೆ ಕಷಾಯ ಕೇಳಲು ಅಜ್ಜಿಯ ಹತ್ತಿರವೇ ಬರುತ್ತಿದ್ದರು. ಊಟ ಮಾತ್ರ ಬೇಡ. ನಾವು ಕೊಟ್ಟ ಹಬ್ಬದ ಎಡೆ ಹಿತ್ತಿಲ ದನದ ಬಾನಿಗೆ ಹೋಗುವುದು ನಮಗೆ ಗೊತ್ತಿತ್ತು, ಆದರೂ ಅಜ್ಜಿ ಕೊಡುವುದನ್ನು ನಿಲ್ಲಿಸಲಿಲ್ಲ. "ದನನಾದ್ರೂ ತಿನ್ಲಿ ಬಿಡು, ಅದ್ಕೂ ಹಬ್ಬವೇ" ಎನ್ನುತ್ತಿದ್ದಳು. ಪೆಟ್ಟು ಬಿದ್ದದ್ದು ಶಾರದತ್ತೆಗೆ. ಮದ್ದಿನ ಮನೆಯ ಹೆಣ್ಣನ್ನು ಯಾರು ತರುತ್ತಾರೆ? ಅಡುಗೆ, ಹಾಡು, ಹಸೆ, ಎಲ್ಲದರಲ್ಲೂ ಮುಂದಿದ್ದ ಹುಡುಗಿ. ಬಂದ ಗಂಡಿನವರು ನಗುನಗುತ್ತಾ ಹೋಗಿ, ಊರ ಬಾಗಿಲು ದಾಟಿದ ಮೇಲೆ ಸುಮ್ಮನಾಗುತ್ತಿದ್ದರು. ಅತ್ತೆ ಅಳುತ್ತಿರಲಿಲ್ಲ. ಅವಳು ಹಬ್ಬಕ್ಕೆ ಅರೆದ ಗೋರಂಟಿಯನ್ನು ಪೂರ್ತಿ ನನ್ನ ಕೈಗೇ ಹಚ್ಚಲು ಶುರುಮಾಡಿದಾಗ ಅಜ್ಜಿ ಅದನ್ನು ನೋಡಿ ಒಳಗೆ ಹೋಗಿ ಕೂತಳು.

ಕೊನೆಗೆ ಅರಸೀಕೆರೆಯ ಕೊಬ್ಬರಿ ವ್ಯಾಪಾರದ ಮನೆಯವರು ಬರುತ್ತೇವೆಂದರು. ಅಪ್ಪನ ಕೊಬ್ಬರಿ ಪ್ರತಿ ವರ್ಷ ಅವರ ಮಂಡಿಗೇ ಹೋಗುತ್ತಿತ್ತು, ಆ ಗುರುತು. ಹುಡುಗ ಒಳ್ಳೆಯವನು, ಮಠಕ್ಕೆ ನಡೆದುಕೊಳ್ಳುವ ಮನೆ. ಇದೂ ತಪ್ಪಿದರೆ ಶಾರದೆಗೆ ಇನ್ನು ಮದುವೆಯಿಲ್ಲ ಎಂದು ಅಪ್ಪ ಅವ್ವನಿಗೆ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು. ಆ ದಿನ ಅಜ್ಜಿ ಬೆಳಗಿನಿಂದಲೇ ಕಾಯಿಹೋಳಿಗೆಗೆ ಹೂರಣ ತಿರುವಿದಳು. ಮನೆಯೆಲ್ಲ ಏಲಕ್ಕಿಯ ಘಮ. ಆದರೆ ಬಸ್ಸಿಳಿದವರಿಗೆ ಮೊದಲು ಎದುರಾದವಳು ಸಾಕಮ್ಮ. ಏನು ಹೇಳಿದಳೋ ಅವಳ ಶಿವನಿಗೇ ಗೊತ್ತು. ಅವರು ಪಡಸಾಲೆಗೆ ಬಂದು ಕೂತಾಗ ಮುಖ ಬಿಗಿದಿತ್ತು. ಎಲೆ ಹಾಕುವ ಹೊತ್ತಿಗೆ ಹುಡುಗನ ತಾಯಿ ಪಾರ್ವತಮ್ಮನವರು ಸೆರಗು ಸರಿಮಾಡಿಕೊಂಡು ಹೇಳಿದರು:

"ಊಟ ಏನೂ ಬ್ಯಾಡ ಕಣ್ರೀ. ಇವತ್ತು ನಮ್ಮೆಲ್ರಿಗೂ ಉಪವಾಸ."

ಬುಧವಾರ ಅದ್ಯಾವ ಉಪವಾಸವೋ. ಹುಡುಗ ಪಾಪ, ಹೋಳಿಗೆಯ ಕಡೆ ನೋಡಿ ಎಂಜಲು ನುಂಗಿದ. ಅಪ್ಪ ತಲೆ ತಗ್ಗಿಸಿದ. ಅಜ್ಜಿ ಅಭ್ಯಾಸದಂತೆ ತಟ್ಟೆಯಿಂದ ಹೋಳಿಗೆ ಮುರಿದು, ಎಲ್ಲರಿಗೂ ಕಾಣುವ ಹಾಗೆ ಬಾಯಿಗಿಟ್ಟುಕೊಂಡಳು. ಅಗಿಯುತ್ತ ನಿಂತಳು. ಅಷ್ಟು ಜನರ ಮುಂದೆ ಒಬ್ಬಳೇ ಅಗಿಯುತ್ತಿದ್ದ ಅಜ್ಜಿಯನ್ನು ನೋಡಿ ನನಗೆ ಮೊದಲ ಸಲ ನಾಚಿಕೆಯೂ ಸಂಕಟವೂ ಒಟ್ಟಿಗೇ ಆದವು. ಯಾರೂ ತಟ್ಟೆ ಮುಟ್ಟಲಿಲ್ಲ.

ಆಗ ಅಡುಗೆಮನೆಯ ಬಾಗಿಲಿನಿಂದ ಅವ್ವ ಈಚೆ ಬಂದಳು. ಗಂಡಸರಿದ್ದ ಪಡಸಾಲೆಗೆ ಅವಳು ಹಾಗೆ ಬಂದದ್ದನ್ನು ನಾನು ನೋಡಿರಲಿಲ್ಲ.

"ಆ ಮಜ್ಜಿಗೆ ಇಟ್ಟಿದ್ದು ನಾನು" ಎಂದಳು.

"ಸುಮ್ನೆ ಒಳಕ್ಕೋಗೇ" ಅಂದಳು ಅಜ್ಜಿ.

"ಇಲ್ಲ ಅತ್ತೆಮ್ಮ, ಇವತ್ತು ಹೇಳ್ತೀನಿ. ನಾನು ಮದುವೆ ಆಗಿ ಬಂದು ತಿಂಗಳೂ ಆಗಿರ್ಲಿಲ್ಲ. ನಮ್ಮ ಕಡೆ ಹಿತ್ತಾಳೇಲಿ ಹುಳಿ ಇಡೋದೇ ಇಲ್ಲ, ಹಂಗಾಗಿ ಇಡಬಾರ್ದು ಅಂತ್ಲೂ ಯಾರೂ ಹೇಳಿಕೊಟ್ಟಿರ್ಲಿಲ್ಲ. ದೊಡ್ಡ ಪಾತ್ರೆ ಅಂತ, ಕಲಾಯಿ ಹಾಕ್ಸೋಕೆ ತೆಗೆದಿಟ್ಟಿದ್ದ ತಪ್ಪಲೇಲಿ ಹಿಂದಿನ ದಿನದ ಮಜ್ಜಿಗೆ ತುಂಬಿಟ್ಟೆ. ಬೆಳಗಾಗೋ ಹೊತ್ತಿಗೆ ಹಸಿರು ಕಿಲುಬು ಬಿಟ್ಟಿತ್ತು. ಅದನ್ನೇ ಕುಡಿಯೋಕೆ ಕೊಟ್ಟೆ. ಆ ಮದ್ದು ತೆಗೆಯೋನು ಬರೀ ಹೆಂಗಸು ಅನ್ಲಿಲ್ಲ. ಪಡುವಲಿಂದ ಬಂದ ಹೊಸ ಹೆಣ್ಣು ಅಂದಿದ್ದ. ಮಲೆನಾಡ ಕಡೆಯೋರಿಗೆ ಮಾಟ ಗೊತ್ತು ಅಂತ ಜನ ನನ್ನ ಹೆಸರು ಹಿಡಿದು ಕೂಗ್ತಿದ್ರು. ನನ್ನ ಹಿಂದಕ್ಕೆ ತಳ್ಳಿ, ಬಾಗ್ಲಿಗೆ ಬಂದು, ನಾನೇ ಕೊಟ್ಟಿದ್ದು ಅಂತ ಇವ್ರು ಅಂದ್ರು."

ಅಪ್ಪ ಬಾಯಿ ತೆರೆದು ಅಜ್ಜಿಯನ್ನೂ ಅವ್ವನನ್ನೂ ನೋಡುತ್ತಿದ್ದ. ಅವನಿಗೂ ಗೊತ್ತಿರಲಿಲ್ಲ. ಆ ಇಬ್ಬರು ಹೆಂಗಸರು ಒಂದೇ ಒಲೆಯ ಮುಂದೆ ಅಷ್ಟು ವರ್ಷ ಇದನ್ನು ಹೊತ್ತುಕೊಂಡಿದ್ದರು, ಪರಸ್ಪರ ಉಪ್ಪು ಜಾಸ್ತಿ, ಬೆಲ್ಲ ಕಮ್ಮಿ ಎಂದು ಜಗಳವಾಡುತ್ತಲೇ. ಯಾರಿಗೂ ಕಿಲುಬಿನ ಅನುಮಾನ ಯಾಕೆ ಬರಲಿಲ್ಲ ಎಂದರೆ, ನಮ್ಮ ಬಯಲುಸೀಮೆಯಲ್ಲಿ ಹುಟ್ಟಿದ ಯಾವ ಹೆಣ್ಣೂ ಆ ತಪ್ಪು ಮಾಡುವುದಿಲ್ಲ. ಒಳಬದಿಯ ತವರದ ಕಲಾಯಿ ಹೋದ ಪಾತ್ರೆಗೆ ಹುಳಿ ಸೋಕಬಾರದು ಎಂಬುದು ಇಲ್ಲಿ ನಡೆಯಲು ಕಲಿಯುವ ಮೊದಲೇ ಕಲಿಯುವ ಮಾತು. ಗಂಗಮ್ಮನಂಥ ಗಂಗಮ್ಮ ಕಿಲುಬು ಎಂದಿದ್ದರೆ, ಗೊತ್ತಿದ್ದೂ ಕೊಟ್ಟೆಯಾ ಎನ್ನುತ್ತಿದ್ದರು. ಇಲ್ಲವೆಂದರೆ, ಹಾಗಾದರೆ ಇಟ್ಟವರು ಯಾರು ಎಂದು ಹೊಸ ಸೊಸೆಯ ಕಡೆ ತಿರುಗುತ್ತಿದ್ದರು.

"ಆ ತಪ್ಪಲೆ ಎಲ್ಲೈತೆ?" ಎಂದರು ಪಾರ್ವತಮ್ಮ.

ನನಗೆ ಗೊತ್ತಿತ್ತು. ಯಾರೂ ಹೇಳುವ ಮೊದಲೇ ಏಣಿ ಹತ್ತಿದ್ದೆ. ಅಪ್ಪ ಕೆಳಗೆ ನಿಂತು ಇಳಿಸಿಕೊಂಡ. ಪಾರ್ವತಮ್ಮ ಅದನ್ನು ಬಾಗಿಲ ಬೆಳಕಿಗೆ ಓರೆ ಮಾಡಿ, ಹಸಿರನ್ನು ಬೆರಳಿನಿಂದ ಉಜ್ಜಿ ಮೂಸಿ ನೋಡಿದರು.

"ಇದ್ರಲ್ಲಿ ಮಜ್ಜಿಗೆ ಇಟ್ರೆ ವಾಂತಿ ಆಗ್ದೆ ಆರತಿ ಎತ್ತುತಾರಾ?" ಎಂದರು. ಆಮೇಲೆ ಅಜ್ಜಿಯ ಕಡೆ ತಿರುಗಿದರು. "ಗೊತ್ತಿದ್ದೂ ಹೊತ್ಕೊಂಡ್ರೇನ್ರೀ ಇಷ್ಟು ವರ್ಷ?"

ಅಜ್ಜಿ ಕೈಯಲ್ಲಿ ಉಳಿದಿದ್ದ ಹೋಳಿಗೆಯ ಚೂರನ್ನು ತಟ್ಟೆಗಿಟ್ಟಳು.

"ತಪ್ಪಲೇನ ಅಟ್ಟಕ್ಕೆ ಎತ್ತಿಡಬೋದು ಕಣವ್ವಾ. ಹುಡುಗೀನ ಎಲ್ಲಿಡ್ಲಿ? ಅವಳೂ ಒಬ್ರ ಮನೆ ಮಗಳು."

ಪಾರ್ವತಮ್ಮ ತಪ್ಪಲೆಯನ್ನು ಕೆಳಗಿಟ್ಟು ಕೈ ತೊಳೆದುಕೊಂಡು ಬಂದು ಎಲೆಯ ಮುಂದೆ ಕೂತರು. ಅವರ ಹಿಂದೆಯೇ ಹುಡುಗನೂ ಕೂತ, ಅವನಿಗೆ ಅಷ್ಟೇ ಬೇಕಾಗಿತ್ತು. ಅಜ್ಜಿ ಬಡಿಸಲು ಬಂದು, ಅಭ್ಯಾಸಬಲದಿಂದ ಮೊದಲ ಚೂರಿಗೆ ಕೈ ಹಾಕಿದಳು. ಪಾರ್ವತಮ್ಮ ಎಲೆಗೆ ಕೈ ಅಡ್ಡ ಹಿಡಿದರು.

"ಬ್ಯಾಡ. ಇದು ನನ್ನೆಲೆ. ಸೊಸೇನ ಹಿಂಗೆ ಕಾಯ್ದೋರು ಮಗಳನ್ನ ಹೆಂಗೆ ಸಾಕಿರ್ತೀರಿ ಅಂತ ನಂಗೆ ತಿಳೀತು." ಒಂದು ತುತ್ತು ಬಾಯಿಗಿಟ್ಟು, ಅವ್ವನನ್ನು ನೋಡಿ ಕೇಳಿದರು: "ಮಜ್ಜಿಗೆ ಐತೇನಮ್ಮಾ?"

ಅವ್ವ ಕಲ್ಲುಮರಿಗೆಯನ್ನೇ ಎತ್ತಿಕೊಂಡು ಬಂದಳು. ಅದು ಭಾರ, ಅವ್ವನಿಗೆ ಅವಸರ ಬೇರೆ. ಅರ್ಧ ಮಜ್ಜಿಗೆ ನೆಲಕ್ಕೆ ಚೆಲ್ಲಿತು. ಉಳಿದದ್ದನ್ನು ಪಾರ್ವತಮ್ಮ ಗಟಗಟ ಕುಡಿದರು.

ಶಾರದತ್ತೆಯ ಮದುವೆ ಅದೇ ಬೇಸಿಗೆಯಲ್ಲಾಯಿತು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ಆಮೇಲೂ ಕೆಲವರು ನಮ್ಮ ಮನೆಯಲ್ಲಿ ನೀರು ಮುಟ್ಟಲಿಲ್ಲ. ಆದರೆ ಸಾಕಮ್ಮ ಮದುವೆಗೆ ಬಂದು ಎಲ್ಲರಿಗಿಂತ ಹೆಚ್ಚು ಹೋಳಿಗೆ ತಿಂದಳು, ಸೆರಗಿನಲ್ಲಿ ರಂಗಪ್ಪನಿಗೂ ಕಟ್ಟಿಕೊಂಡು ಹೋದಳು. ಅದಕ್ಕೆ ಅವಳ ಮೇಲೂ ನನಗೆ ಕೋಪ ಉಳಿದಿಲ್ಲ. ಗಂಡನ ಜೀವಕ್ಕೆ ಹೆದರಿದವಳು ಅವಳು. ರಂಗಪ್ಪನ ಹೊಟ್ಟೆ ಮಾತ್ರ ಕೊನೆಯವರೆಗೂ ಸರಿಹೋಗಲಿಲ್ಲ. ಮುಂದೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳಾದೆ. ಆ ಹಸಿರು ಕಿಲುಬೂ, ಮಾಂತ್ರಿಕನ ನೀಲಿ ಕಲ್ಲೂ ಎರಡೂ ತಾಮ್ರದ ಮಕ್ಕಳೇ ಎಂದು ಬೋರ್ಡಿನ ಮೇಲೆ ಬರೆಯುವಾಗ ಪ್ರತಿ ವರ್ಷವೂ ರಂಗಪ್ಪ ನೆನಪಾಗುತ್ತಿದ್ದ. ನಮ್ಮ ಮನೆಯ ವಿಷಕ್ಕಿಂತ ಅದನ್ನು ತೆಗೆಯಲು ಕುಡಿಸಿದ ವಿಷ ದೊಡ್ಡದಿತ್ತು. ಕಾಣದ ವಿಷವನ್ನು ಹುಡುಕುವ ಮೊದಲು ಎದುರಿಗಿರುವ ಪಾತ್ರೆಯನ್ನು ನೋಡು ಎಂಬ ಬುದ್ಧಿ ನನಗೆ ಬಂದದ್ದು ಪುಸ್ತಕದಿಂದಲ್ಲ, ಆ ಅಟ್ಟದಿಂದ. ನಾನು ಏನಾಗಿದ್ದೇನೋ ಅದರಲ್ಲಿ ಹೆಚ್ಚಿನ ಪಾಲು ಆ ಇಬ್ಬರು ಹೆಂಗಸರದು.

ಅವತ್ತು ಮಧ್ಯಾಹ್ನ ಗಂಡಿನವರು ಬಸ್ಸು ಹತ್ತಿ ಹೋದ ಮೇಲೆ ನಾವೆಲ್ಲ ಊಟಕ್ಕೆ ಕೂತೆವು. ಅಜ್ಜಿ ಯಾವಾಗಲೂ ನಿಂತುಕೊಂಡೇ ಇರುವವಳು, ಅವತ್ತು ಗೋಡೆಗೆ ಒರಗಿ ಕೂತುಬಿಟ್ಟಳು. ಅವ್ವ ಬಡಿಸಿದಳು. ಅನ್ನ ಹಾಕಿ, ಸಾರು ಹಾಕಿ, ಅಜ್ಜಿಯ ತಟ್ಟೆಯನ್ನು ಮುಂದಿಡುವ ಮೊದಲು, ನಮ್ಮ ಮನೆಯ ಪದ್ಧತಿಯಂತೆ ಅವ್ವ ಅದರಿಂದ ಒಂದು ತುತ್ತು ತೆಗೆದುಕೊಂಡಳು. ಅಜ್ಜಿ ಫಕ್ಕನೆ ಅವಳ ಮಣಿಕಟ್ಟು ಹಿಡಿದಳು.

"ಏನೇ ಇದು? ನಿಂಗೆ ಹೆದರ್ಕೊಂಡು ಕೂತಿದೀನಾ ನಾನು?"

ಅವ್ವನ ಕೈಯಲ್ಲಿ ತುತ್ತು ಹಾಗೇ ಇತ್ತು. ಅವಳು ನಗಲು ಹೋಗಿ ಅತ್ತುಬಿಟ್ಟಳು. ಅಜ್ಜಿ ಆ ಕೈಯನ್ನು ತನ್ನ ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು.

"ಇಕ್ಕು. ನಿನ್ನ ಕೈಲಿ ಏನಿದ್ರೂ ಉಣ್ತೀನಿ."